ಲಾರಿ ತಲುಪದ ದಾರಿಗಳು

(ಸೈಕಲ್ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಮರವಂತೆಯಿಂದಲೇ ಶುರು ಮಾಡುತ್ತೇನೆ. ಕರಾವಳಿಯಲ್ಲಿ ಸೈಕಲ್ ತುಳಿಯುವ ಆಸೆಯುಳ್ಳವರೆಲ್ಲ ಮೊದಲು ಕೇಳುವುದು ಅದನ್ನೇ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಕ್ಯಾಲೆಂಡರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 66. ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಕಡಲಗುಂಟ ಸಾಗುವ ಸರಕೆಲ್ಲ ಆ ಸಣ್ಣ ನೆಲಪಟ್ಟಿಯ ಮೇಲೆಯೇ ಹಾಯಬೇಕು. ಮೀನಿನ ಲಾರಿ, ಅನಿಲ ಟ್ಯಾಂಕರು, ರಾತ್ರಿಯಿಡೀ ಓಡಿ ಬಂದ ಸ್ಲೀಪರ್ ಬಸ್ಸು, ಎಲ್ಲವೂ ನಿಮ್ಮ ಮೊಣಕೈ ಪಕ್ಕದಲ್ಲೇ. ಅಲ್ಲಿ ಇಳಿದು ಎಳನೀರು ಕುಡಿಯಿರಿ, ಫೋಟೊ ತೆಗೆಯಿರಿ. ಸೈಕಲ್ ತುಳಿಯುವುದಕ್ಕೆ ಅದು ರಸ್ತೆಯಲ್ಲ.

ಇವತ್ತು ನಾನು ಹೇಳಬೇಕೆಂದುಕೊಂಡಿರುವುದು ಒಂದೇ ಮಾತು. ಉಡುಪಿ ಮತ್ತು ಉತ್ತರ ಕನ್ನಡದ ಕಡಲಂಚಿನಲ್ಲಿ, ಅದರ ಬೆನ್ನಿಗಿರುವ ಘಟ್ಟದಲ್ಲಿ ವಾಹನಗಳ ಕಾಟವಿಲ್ಲದ ಡಾಂಬರು ರಸ್ತೆಗಳು ಬೇಕಾದಷ್ಟಿವೆ. ಸೈಕಲ್ಲಿಗೆಂದು ಅವನ್ನು ಯಾರೂ ಕಟ್ಟಲಿಲ್ಲ. ವಾಹನಗಳಿಗೆ ಅಲ್ಲಿ ಕೆಲಸವಿಲ್ಲ, ಅದಕ್ಕೇ ಅವು ಖಾಲಿ ಉಳಿದಿವೆ. ಏಕೆ ಕೆಲಸವಿಲ್ಲ ಎನ್ನುವುದು ತಿಳಿದರೆ ಯಾರ ಪಟ್ಟಿಯ ಹಂಗೂ ಇಲ್ಲದೆ ನಿಮಗೆ ಬೇಕಾದ ದಾರಿಯನ್ನು ನೀವೇ ಹುಡುಕಿಕೊಳ್ಳಬಹುದು. ಹಾಗಾಗಿ ಹತ್ತು ಅತ್ಯುತ್ತಮ ಮಾರ್ಗಗಳು ಎಂಬ ಬಗೆಯ ಪಟ್ಟಿ ನನ್ನ ಬಳಿ ಇಲ್ಲ. ಅಂಥ ಪಟ್ಟಿಗೆ ಸೇರಿದ ರಸ್ತೆ ಎರಡೇ ವರ್ಷದಲ್ಲಿ ಪಟ್ಟಿಯಲ್ಲಿರುವ ಯೋಗ್ಯತೆ ಕಳೆದುಕೊಳ್ಳುತ್ತದೆ, ಅದು ಬೇರೆ ಮಾತು.

ಫ್ರಾನ್ಸಿನ ಅಟ್ಲಾಂಟಿಕ್ ತೀರದಲ್ಲಿ ವೆಲೊಡಿಸಿ ಎಂಬ ಸೈಕಲ್ ಮಾರ್ಗವಿದೆ. 1,200 ಕಿ.ಮೀ.ಗೂ ಮಿಗಿಲಾದ ಉದ್ದ. ಲಾಂದ್ ಪ್ರದೇಶದಲ್ಲಿ ಪೈನ್ ಕಾಡಿನೊಳಗೆ, ಮರಳ ದಿಬ್ಬಗಳ ಮರೆಯಲ್ಲಿ ಅದು ಸಾಗುತ್ತದೆ. ಕಡಲು, ಕಾಡು ಎರಡೂ ಇರುವ ಸೀಮೆ; ನಮ್ಮದೂ ಅಂಥದ್ದೇ. ವ್ಯತ್ಯಾಸ ಇಷ್ಟೆ: ಅಲ್ಲಿ ಕಟ್ಟಿದರು, ಫಲಕ ನೆಟ್ಟರು, ನಕ್ಷೆ ಅಚ್ಚು ಹಾಕಿದರು. ನಮ್ಮಲ್ಲಿ ನಕ್ಷೆಯನ್ನು ನಾವೇ ಓದಬೇಕು.

ಓದುವುದು ಹೇಗೆ? ನಮ್ಮ ನದಿಗಳನ್ನು ನೋಡಿ. ಘಟ್ಟದಿಂದ ಧುಮುಕಿ ಪಶ್ಚಿಮಕ್ಕೆ ಓಡಿ ಬಂದ ಹೊಳೆ ಇನ್ನೇನು ಸಮುದ್ರ ಸೇರಬೇಕು ಎನ್ನುವಾಗ ಮರಳಿನ ದಂಡೆ ಅಡ್ಡ ಬರುತ್ತದೆ. ಹೊಳೆ ತಿರುಗಿ ಕಡಲಿಗೆ ಸಮಾನಾಂತರವಾಗಿ ಕೆಲವು ಕಿಲೋಮೀಟರ್ ಹರಿದು, ದಾರಿ ಸಿಕ್ಕಲ್ಲಿ ಕಡಲು ಸೇರುತ್ತದೆ; ಆ ಬಾಯಿಯೇ ಅಳಿವೆ. ಹೀಗೆ ಹೊಳೆಗೂ ಕಡಲಿಗೂ ನಡುವೆ ಉದ್ದನೆಯ, ಕಿರಿದಾದ ನೆಲ ಉಳಿಯುತ್ತದೆ. ಪಡುಕರೆ, ಕೋಡಿ, ಬೆಂಗ್ರೆ ಎಂಬ ಹೆಸರು ಕಂಡರೆ ಸಾಮಾನ್ಯವಾಗಿ ಇಂಥದ್ದೇ ಜಾಗ. ಅಳಿವೆಯ ಬಾಯಿಯಲ್ಲಿ ಸೇತುವೆ ಕಟ್ಟುವುದು ಕಷ್ಟವಾದ್ದರಿಂದ ಹೆದ್ದಾರಿ ಹೊಳೆಯ ಒಳಮಗ್ಗುಲಲ್ಲೇ ಹೋಗುತ್ತದೆ. ಈ ನೆಲಪಟ್ಟಿಯ ಮೇಲೊಂದು ಸಣ್ಣ ರಸ್ತೆ, ಅದರ ತುದಿಯಲ್ಲಿ ನೀರು. ಆಚೆ ಹೋಗಲಾಗದ ರಸ್ತೆಯಲ್ಲಿ ಲಾರಿಗೇನು ಕೆಲಸ? ಉಪಗ್ರಹ ಚಿತ್ರದಲ್ಲಿ ಎರಡು ನೀಲಿಗಳ ನಡುವೆ ಎಳೆದ ಬೂದು ಗೆರೆಯನ್ನು ಹುಡುಕಿ. ನನ್ನ ಕರಾವಳಿ ಸವಾರಿಯ ಗುಟ್ಟು ಇಷ್ಟೇ.

ಮಲ್ಪೆಯಿಂದ ಕಾಪುವಿಗೆ ಹೋಗುವ ಕಡಲಂಚಿನ ದಾರಿ ಇದಕ್ಕೆ ಒಳ್ಳೆಯ ಮಾದರಿ. ಮಲ್ಪೆ ಬಂದರಿನ ಗದ್ದಲ ದಾಟಿ, ಸೇತುವೆ ಹತ್ತಿ ಪಡುಕರೆಗೆ ಇಳಿದ ಕೂಡಲೇ ಹಾರ್ನ್ ಸದ್ದು ಹಿಂದೆ ಬೀಳುತ್ತದೆ. ಬಲಕ್ಕೆ ಕಡಲ್ಕೊರೆತ ತಡೆಯಲು ಪೇರಿಸಿದ ಕರಿಬಂಡೆ, ಎಡಕ್ಕೆ ತೆಂಗಿನ ತೋಟದ ಸಂದಿಯಲ್ಲಿ ಉದ್ಯಾವರ ಹೊಳೆ. ಮನೆಗಳು ರಸ್ತೆಗೆ ಅಂಟಿಕೊಂಡೇ ಇವೆ. ರಸ್ತೆಯ ಒಂದು ಪಾಲು ಮೀನುಗಾರರ ಅಂಗಳವೆಂದೇ ತಿಳಿಯಬೇಕು: ಬಲೆ ಹರಡಿ ಹೊಲಿಯುತ್ತಿರುತ್ತಾರೆ, ಒಣಮೀನು ಹಾಕಿರುತ್ತಾರೆ, ಮಕ್ಕಳು ಚೆಂಡು ಆಡುತ್ತಿರುತ್ತಾರೆ. ಅಲ್ಲಿ ಗಂಟೆಗೆ ಮೂವತ್ತರ ವೇಗದಲ್ಲಿ ನುಗ್ಗುವವನು ಹೆದ್ದಾರಿಯ ಲಾರಿಗಿಂತ ಮೇಲೇನಲ್ಲ. ಮುಂದೆ ಮಟ್ಟು. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಮಟ್ಟುಗುಳ್ಳದ ಊರು. ದುಂಡನೆಯ ಹಸಿರು ಬದನೆ, ಕಡಲ ಗಾಳಿ ಬೀಸುವ ಮರಳು ಮಣ್ಣಿನಲ್ಲೇ ಬೆಳೆಯುತ್ತದೆ. ಮಟ್ಟುವಿನಿಂದ ಕೈಪುಂಜಾಲಿನ ಕಡೆಗೆ ಸಾಗಿ ಕಾಪುವಿನ ದೀಪಸ್ತಂಭ ಕಾಣುವವರೆಗೂ ಹೆದ್ದಾರಿಯ ಮುಖ ನೋಡಬೇಕಾಗಿಲ್ಲ. ಬಂಡೆಯ ನೆತ್ತಿಯ ಮೇಲಿನ ಆ ದೀಪಸ್ತಂಭ 1901ರದು.

ಈ ದಾರಿಗೂ ಒಂದು ಷರತ್ತಿದೆ. ಭಾನುವಾರ ಸಂಜೆ ಹೋಗಬೇಡಿ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಲು ಬಂದ ಕಾರುಗಳು ಒಂದರ ಬಾಲ ಒಂದು ಹಿಡಿದು ನಿಂತಿರುತ್ತವೆ. ವಾರದ ದಿನ, ಬೆಳಿಗ್ಗೆ ಆರರಿಂದ ಎಂಟೂವರೆ, ಅಷ್ಟು ಹೊತ್ತು ರಸ್ತೆ ನಿಮ್ಮದು ಮತ್ತು ಆ ಊರಿನವರದು.

ಮಲ್ಪೆಯ ಉತ್ತರಕ್ಕೂ ಇದೇ ಕಥೆ. ಹೂಡೆಯ ಮೇಲೆ ಕೋಡಿ ಬೆಂಗ್ರೆಗೆ ಹೋಗುವ ರಸ್ತೆ ಸುವರ್ಣಾ, ಸೀತಾ ನದಿಗಳು ಕೂಡಿ ಕಡಲು ಸೇರುವ ತುದಿಯಲ್ಲಿ ಮುಗಿಯುತ್ತದೆ. ಎದುರು ದಡದಲ್ಲಿ ಹಂಗಾರಕಟ್ಟೆ ಕಾಣುತ್ತದೆ, ಕೂಗಿದರೆ ಕೇಳುವಷ್ಟು ಹತ್ತಿರ. ದೋಣಿ ಸಿಕ್ಕರೆ ಕೆಲವೇ ನಿಮಿಷ. ಸಿಗದಿದ್ದರೆ ಬಂದ ದಾರಿಯಲ್ಲೇ ಹಿಂದೆ ಹೋಗಿ, ಕಲ್ಯಾಣಪುರ, ಬ್ರಹ್ಮಾವರಗಳ ಹೆದ್ದಾರಿಯನ್ನು ಸುತ್ತಿ ಬರಬೇಕು. ಹಂಗಾರಕಟ್ಟೆಯಿಂದ ಮುಂದೆ ಕೋಡಿ ಕನ್ಯಾನ, ಕೋಟ ಪಡುಕರೆ, ಬೀಜಾಡಿ ಎಂದು ಕಡಲ ಪಕ್ಕದಲ್ಲೇ ಸಾಗಿ ಕುಂದಾಪುರದ ಕೋಡಿ ಮುಟ್ಟಬಹುದು. ಗಾಳಿಮರದ ಸೂಜಿ ಎಲೆಗಳು ಡಾಂಬರಿನ ಮೇಲೆ ಹಾಸಿರುತ್ತವೆ. ಒಣಗಿದ್ದಾಗ ತೊಂದರೆಯಿಲ್ಲ, ಇಬ್ಬನಿಗೆ ನೆನೆದಿದ್ದರೆ ತಿರುವಿನಲ್ಲಿ ಬ್ರೇಕು ಹಿಡಿಯಬೇಡಿ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅಘನಾಶಿನಿಯ ತಾರಿ, ಎಂದರೆ ಹೊಳೆ ದಾಟಿಸುವ ದೋಣಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಕುಮಟಾದಿಂದ ಗೋಕರ್ಣಕ್ಕೆ ಕಾರಿನಲ್ಲಿ ಹೋಗುವವರು ಮಿರ್ಜಾನ್, ಮಾದನಗೇರಿ ಎಂದು ಹೆದ್ದಾರಿ ಹಿಡಿದು ಸುಮಾರು ಮೂವತ್ತು ಕಿಲೋಮೀಟರ್ ಬಳಸಿಕೊಂಡು ಹೋಗುತ್ತಾರೆ. ಸೈಕಲ್ಲಿನವರು ಕುಮಟಾದಿಂದ ನೇರ ಪಡುವಣಕ್ಕೆ ತಿರುಗಿ ಬಾಡ, ಕಾಗಾಲ ದಾಟಿ ಅಘನಾಶಿನಿ ಎಂಬ ಊರಿಗೆ ಹೋಗಬೇಕು. ನದಿಯ ಹೆಸರೇ ಊರಿಗೂ. ದಾರಿ ಹತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಂದ ತಾರಿ ಹತ್ತಿ ಅಳಿವೆ ದಾಟಿದರೆ ತದಡಿ. ತದಡಿಯಿಂದ ಗೋಕರ್ಣ ಕಣ್ಣಳತೆಯ ದೂರ.

ಬಾಡ ಬಿಟ್ಟ ಮೇಲೆ ರಸ್ತೆ ಎಷ್ಟು ಕಿರಿದೆಂದರೆ ಎದುರಿಗೆ ಬಸ್ಸು ಬಂದರೆ ನೀವು ಯಾರದೋ ಮನೆಯ ದಣಪೆಯ ಪಕ್ಕಕ್ಕೆ ಸರಿದು ನಿಲ್ಲಬೇಕು. ಬಸ್ಸು ಅಪರೂಪ, ಹಾಗಾಗಿ ನಿಲ್ಲುವ ಪ್ರಸಂಗವೂ ಅಪರೂಪ. ದೋಣಿ ನಿಲ್ಲುವ ದಕ್ಕೆಗೆ ಬಂದರೆ ದೋಣಿಯವರು ಸೈಕಲ್ಲನ್ನು ನಿಮ್ಮ ಕೈಯಿಂದ ತೆಗೆದುಕೊಂಡು ಬಿಡುತ್ತಾರೆ. ನೀವೇ ಹತ್ತಿಸುತ್ತೇನೆ ಎಂದು ಹಟ ಮಾಡಬೇಡಿ. ಅಲುಗುವ ದೋಣಿಯ ಅಂಚನ್ನು ಬೂಟು ಹಾಕಿಕೊಂಡು ತುಳಿಯುವುದು ನಮ್ಮಂಥವರ ಕೆಲಸವಲ್ಲ. ಒಬ್ಬ ಹಿಂದಿನ ಚಕ್ರ ಎತ್ತುತ್ತಾನೆ, ಇನ್ನೊಬ್ಬ ಒಳಗಿನಿಂದ ಹ್ಯಾಂಡಲ್ ಹಿಡಿದು ಎಳೆದುಕೊಳ್ಳುತ್ತಾನೆ. ಮುಂದಿನ ಚಕ್ರವನ್ನು ಅಡ್ಡ ತಿರುಗಿಸಿ ದೋಣಿಯ ಪಕ್ಕೆಗೆ ಒರಗಿಸಿದರೆ ಆಯಿತು, ಹಗ್ಗವೂ ಬೇಡ. ಗೇರ್ ಇರುವ ಬದಿ ಮೇಲಕ್ಕಿರಲಿ ಎಂದು ಮಾತ್ರ ಹೇಳಿ. ಅಷ್ಟರಲ್ಲಿ ಸ್ಕೂಟರು ಬರುತ್ತದೆ, ಮೀನು ಬುಟ್ಟಿ ಬರುತ್ತದೆ, ಗೋಕರ್ಣದ ಪೇಟೆಗೆ ಹೊರಟ ಹೆಂಗಸರು ಬರುತ್ತಾರೆ. ಸೈಕಲ್ಲಿಗೆ ಬೇರೆ ದುಡ್ಡು ಕೊಡಬೇಕು, ಚಿಲ್ಲರೆ ಇಟ್ಟುಕೊಂಡಿರಿ. ಮೊಬೈಲ್ ಪಾವತಿಯ ಕಾಲದಲ್ಲೂ ನಡುನೀರಿನಲ್ಲಿ ಸಿಗ್ನಲ್ ಹುಡುಕುತ್ತಾ ಕೂರುವುದು ಚೆನ್ನಲ್ಲ.

ಆ ನೀರಿನ ಕೆಳಗೇನಿದೆ ಎನ್ನುವುದೂ ಗೊತ್ತಿರಬೇಕು. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ಸುಮಾರು 117 ಕಿ.ಮೀ. ಹರಿದು ಬರುವ ನದಿ. ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಸಿಹಿನೀರು, ಉಪ್ಪುನೀರು ತಮ್ಮ ಹಳೆಯ ಲೆಕ್ಕದಲ್ಲೇ ಕೂಡುತ್ತವೆ. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಜನ ಬಳಚು, ಚಿಪ್ಪೆಕಲ್ಲು ಎಂಬ ಚಿಪ್ಪುಜೀವಿಗಳನ್ನು ಆಯುವುದು ಕಾಣುತ್ತದೆ. ದಡದ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ, ಉಪ್ಪುನೀರು ನುಗ್ಗಿದರೂ ಸಾಯದ ತಳಿ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಗೋಕರ್ಣಕ್ಕೆ ಕಾರಿನಲ್ಲಿ ಹೋಗುವವರಿಗೆ ಇದಾವುದೂ ಕಾಣಿಸುವುದಿಲ್ಲ. ಅವರ ಪಾಲಿಗೆ ಅಘನಾಶಿನಿ ಎಂದರೆ ಹೆದ್ದಾರಿ ಸೇತುವೆಯ ಹೆಸರು ಫಲಕ.

ಈಗ ಸ್ವಲ್ಪ ಮುಜುಗರದ ವಿಷಯ. ಸೇತುವೆಯಿಲ್ಲದ್ದರಿಂದ ರಸ್ತೆ ಖಾಲಿ ಎಂದು ನಾವು ಹಿಗ್ಗುತ್ತೇವೆ. ಸೇತುವೆಯಿಲ್ಲದ ಊರಿನವರು? ಶರಾವತಿ ಹಿನ್ನೀರಿನ ತುಮರಿ, ಕರೂರು ಸೀಮೆಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತಲೆಯೆತ್ತಿದ ಮೇಲೆ ಆ ಊರುಗಳಿಗೂ ಸಾಗರಕ್ಕೂ ನಡುವೆ ನೀರು ನಿಂತಿತು. ಮುಂದೆ ದಶಕಗಳ ಕಾಲ ಅವರ ಬದುಕು ಲಾಂಚಿನ ವೇಳಾಪಟ್ಟಿಯ ಮೇಲೆ. ಹೆರಿಗೆ ನೋವು ರಾತ್ರಿ ಬಂದರೆ ಲಾಂಚು ಇರುತ್ತಿರಲಿಲ್ಲ. ನಾವು ಮಾತ್ರ ಸಾಗರದಿಂದ ಹೊರಟು, ಲಾಂಚಿನಲ್ಲಿ ಸೈಕಲ್ ಇಟ್ಟು ದಾಟಿ, ಆಚೆ ಕೊಲ್ಲೂರಿನವರೆಗೂ ಎಂಥ ಪ್ರಶಾಂತ ರಸ್ತೆ ಎಂದು ಹೊಗಳುತ್ತಿದ್ದೆವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸಿಗಂದೂರಿಗೆ ಹೋಗುವ ಕಾರುಗಳೆಲ್ಲ ಈಗ ನಿಲ್ಲದೆ ದಾಟುತ್ತವೆ. ಸೈಕಲ್ ಗೆಳೆಯರಲ್ಲಿ ಕೆಲವರು ಇದಕ್ಕೆ ನಿಟ್ಟುಸಿರು ಬಿಟ್ಟರು. ನನಗೆ ಅದು ಸರಿ ಕಾಣಲಿಲ್ಲ. ಒಂದು ಸೀಮೆಯ ಜನ ಅರ್ಧ ಶತಮಾನ ಕಾದ ಸೇತುವೆ ನಮ್ಮ ಭಾನುವಾರಕ್ಕೆ ಅಡ್ಡ ಬಂತು ಎಂದು ಹೇಳಲು ನಾಲಿಗೆ ಹೊರಳಬಾರದು. ನಮಗೆ ಬೇರೆ ದಾರಿ ಇದ್ದೇ ಇದೆ, ಹುಡುಕಿಕೊಳ್ಳೋಣ.

ಘಟ್ಟಕ್ಕೆ ಬರೋಣ. ಇಲ್ಲಿ ದಾರಿ ಖಾಲಿಯಾಗುವ ಕಾರಣ ಬೇರೆ. ಕಡಲಂಚಿನಲ್ಲಿ ನೀರು ಲಾರಿಯನ್ನು ತಡೆದರೆ ಘಟ್ಟದಲ್ಲಿ ಪಕ್ಕದ ಘಟ್ಟವೇ ಲಾರಿಯನ್ನು ಎಳೆದುಕೊಳ್ಳುತ್ತದೆ.

ಉತ್ತರ ಕನ್ನಡದ ಘಟ್ಟದ ರಸ್ತೆಗಳ ಹಿಂದೆ ಹತ್ತಿಯ ಕಥೆಯಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಅದು ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರಿ ಮುಂಬಯಿಗೆ ಹೋಗುತ್ತಿತ್ತು. ವಿಲಾಯಿತಿಯ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ, ಕುಮಟಾದಲ್ಲಿ ಹತ್ತಿ ಬೆಳೆಯದಿದ್ದರೂ. 1862ರಲ್ಲಿ ಕೆನರಾದ ಉತ್ತರ ಭಾಗವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವರ್ತಕರ ಒತ್ತಾಯವಿತ್ತು. ಹೇರು ಗಾಡಿ ಎಳೆಯುವ ಎತ್ತಿಗೆ ಏರು ಹದವಾಗಿರಬೇಕು. ಗಾಡಿ ರಸ್ತೆ ಮಾಡಿದವರು ಗುಡ್ಡವನ್ನು ಬಳಸಿ ಬಳಸಿ, ಉಸಿರು ಕಟ್ಟದ ಹಾಗೆ ಏರಿಸಿದರು. ಎತ್ತಿಗೆ ಒಗ್ಗಿದ ಏರು ಸೈಕಲ್ ಸವಾರನ ತೊಡೆಗೂ ಒಗ್ಗುತ್ತದೆ. ಕುಳ್ಳಿರಿಸಿಕೊಂಡೇ ಒಂದು ಲಯದಲ್ಲಿ ಹತ್ತಿಸಿಕೊಂಡು ಹೋಗುತ್ತದೆ. 1880ರ ದಶಕದಲ್ಲಿ ರೈಲು ಮರ್ಮಗೋವಾ ಬಂದರಿಗೆ ಮುಟ್ಟಿದ ಮೇಲೆ ಹತ್ತಿ ಆ ಕಡೆ ತಿರುಗಿತು, ಕುಮಟಾ ಬಂದರು ಸೊರಗಿತು.

ಇವತ್ತು ಘಟ್ಟ ಇಳಿಯುವ ದಾರಿಗಳಲ್ಲಿ ಮೂರು ನಾಲ್ಕು ಹೆದ್ದಾರಿಗಳಾಗಿವೆ. ಅಂಕೋಲಾ–ಯಲ್ಲಾಪುರದ ಅರಬೈಲು, ಕುಮಟಾ–ಶಿರಸಿಯ ದೇವಿಮನೆ, ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಜೋಗದ ಕಡೆ ಹೋಗುವ ದಾರಿ. ಹುಬ್ಬಳ್ಳಿ, ಹಾವೇರಿ, ಶಿವಮೊಗ್ಗದ ಲಾರಿಗಳೆಲ್ಲ ಇವುಗಳ ಪಾಲು. ಇವುಗಳ ನಡುವೆ ಸಿಕ್ಕಿಕೊಂಡ ಘಟ್ಟಗಳು ನಮ್ಮ ಪಾಲು. ಸಿದ್ದಾಪುರದಿಂದ ಕುಮಟಾಕ್ಕೆ ಇಳಿಯುವ ದೊಡ್ಮನೆ ಘಟ್ಟ, ಶಿರಸಿಯ ಕಡೆಯಿಂದ ಯಾಣದ ಸೀಮೆಯ ಮೇಲೆ ಅಂಕೋಲಾಕ್ಕೆ ಇಳಿಯುವ ವಡ್ಡಿ ಘಟ್ಟ, ಭಟ್ಕಳದಿಂದ ಕಾರ್ಗಲ್ಲಿನ ಕಡೆ ಏರುವ ಕೋಗಾರ ಘಟ್ಟ. ಒಂದು ಎಚ್ಚರಿಕೆ: ದೇವಿಮನೆಯಲ್ಲಿ ಕಾಮಗಾರಿ ನಡೆದು ರಸ್ತೆ ಮುಚ್ಚಿದರೆ ವಾಹನಗಳು ಈ ಸಣ್ಣ ಘಟ್ಟಗಳಿಗೇ ಹಂಚಿಹೋಗುತ್ತವೆ. ಹೊರಡುವ ಮುನ್ನ ಪತ್ರಿಕೆಯ ಜಿಲ್ಲಾ ಪುಟ ನೋಡುವುದು ಯಾವ ಆ್ಯಪ್ ನೋಡುವುದಕ್ಕಿಂತಲೂ ಮೇಲು.

ದೊಡ್ಮನೆ ಘಟ್ಟವನ್ನು ಕುಮಟಾದ ಕಡೆಯಿಂದ ಹತ್ತುವುದು ಒಳ್ಳೆಯದು. ಬುಡದಲ್ಲಿ ಸೆಕೆ, ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ. ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಬೆವರಿನ ಜಿಗುಟು ಹೋಗಿ ತೋಳಿಗೆ ತಂಪು ತಾಗುತ್ತದೆ. ಅಲ್ಲಿಂದ ಮೇಲೆ ಕಾನು, ಸದಾ ಹಸಿರಾಗಿರುವ ದಟ್ಟ ಕಾಡು. ನೆರಳು ಎಷ್ಟು ದಟ್ಟವೆಂದರೆ ಹಗಲಿನಲ್ಲೂ ಹಿಂದಿನ ಕೆಂಪು ದೀಪ ಹಾಕಿಕೊಳ್ಳಬೇಕು, ಬಿಸಿಲಿನಿಂದ ಒಮ್ಮೆಲೇ ನೆರಳಿಗೆ ನುಗ್ಗಿದ ಬೈಕ್ ಸವಾರನಿಗೆ ನೀವು ಕಾಣುವುದಿಲ್ಲ. ಅಘನಾಶಿನಿ ಕಣಿವೆಯ ಈ ಕಾಡುಗಳಲ್ಲಿ ಸಿಂಗಳೀಕ ಎಂಬ ಅಪರೂಪದ ಕೋತಿಯಿದೆ. 2011ರಲ್ಲಿ ಅದಕ್ಕಾಗಿಯೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಲಾಯಿತು. ಹೊಳೆಯ ಬದಿಗಳಲ್ಲಿ ರಾಂಪತ್ರೆ ಜಡ್ಡಿ ಎಂಬ ಜೌಗುಕಾಡುಗಳಿವೆ, ಕೆಸರಿನಿಂದ ಮೊಣಕಾಲಿನಂಥ ಬೇರುಗಳನ್ನು ಮೇಲೆತ್ತಿ ಉಸಿರಾಡುವ ಮರಗಳು. ಸೈಕಲ್ಲಿನಲ್ಲಿ ಸದ್ದಿಲ್ಲದಿರುವುದರಿಂದ ಕೊಂಬೆ ಅಲುಗಿದ್ದು ಕಿವಿಗೆ ಬೀಳುತ್ತದೆ. ನಿಲ್ಲಿ, ನೋಡಿ, ತಿನ್ನಲು ಏನೂ ಕೊಡಬೇಡಿ.

ಆಗುಂಬೆಯ ಮಾತೇ ಇನ್ನೊಂದು. ಉಡುಪಿಯ ಸೈಕಲ್ ಸವಾರರಿಗೆ ಅದು ಒಂದು ಬಗೆಯ ಹರಕೆ. ಸೋಮೇಶ್ವರದಿಂದ ಮೇಲೆ 14 ಹಿಮ್ಮುರಿ ತಿರುವು. ರಾಷ್ಟ್ರೀಯ ಹೆದ್ದಾರಿ 169ಎ ಎಂದು ಹೆಸರಿದ್ದರೂ ತಿರುವುಗಳು ಬಿಗಿಯಾದ್ದರಿಂದ ಭಾರಿ ವಾಹನಗಳಿಗೆ ಅವಕಾಶವಿಲ್ಲ, ಬಸ್ಸುಗಳೂ ಮಿನಿ ಬಸ್ಸುಗಳೇ. ಹೆದ್ದಾರಿಯಾಗಿಯೂ ಲಾರಿಯಿಲ್ಲದ ಅಪರೂಪದ ರಸ್ತೆ. ಆದರೆ ಕಾರುಗಳಿವೆ, ಸೂರ್ಯಾಸ್ತದ ಹೊತ್ತಿಗೆ ಜಾತ್ರೆ. ಬೆಳಗಿನ ಜಾವ ಹತ್ತಿ, ಒಂಬತ್ತಕ್ಕೆ ಆಗುಂಬೆ ಪೇಟೆಯಲ್ಲಿ ತಿಂಡಿ ತಿನ್ನುವ ಲೆಕ್ಕ ಹಾಕಿಕೊಳ್ಳಿ. ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಇರಬೇಡಿ, ರಿಮ್ ಕಾಯುತ್ತದೆ. ತಿರುವಿಗೆ ಮುನ್ನ ಒತ್ತಿ, ತಿರುವಿನಲ್ಲಿ ಬಿಡಿ. ಏರುವ ವಾಹನಕ್ಕೆ ಮೊದಲ ಹಕ್ಕು ಎಂಬ ಘಟ್ಟದ ನಿಯಮ ಸೈಕಲ್ಲಿಗೂ ಅನ್ವಯಿಸುತ್ತದೆ. ಮಿನಿ ಬಸ್ಸು ಎದುರಾದರೆ ನಿಂತು ದಾರಿ ಕೊಡಿ.

ಖಾಲಿ ಇದ್ದರೂ ನಾನು ಹೋಗಿ ಎನ್ನದ ರಸ್ತೆಗಳೂ ಇವೆ. ಕಾರವಾರದಿಂದ ಕದ್ರಾ, ಅಣಶಿ, ಜೋಯಿಡಾ ದಾರಿ ಅಂಥದ್ದು. ಅಣಶಿ–ದಾಂಡೇಲಿ ಎಂದಿದ್ದ, 2015ರಲ್ಲಿ ಕಾಳಿ ಎಂದು ಹೆಸರು ಬದಲಾದ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಅದು ಹಾಯುತ್ತದೆ. ಅಲ್ಲಿನ ಮೌನ ನಮ್ಮ ಸಲುವಾಗಿ ಇರುವುದಲ್ಲ. ಹೋಗಲೇಬೇಕೆಂದರೆ ಅರಣ್ಯ ಇಲಾಖೆಯವರನ್ನು ಕೇಳಿ, ಹಗಲಿನಲ್ಲಿ, ಗುಂಪಿನಲ್ಲಿ. ಮುಸ್ಸಂಜೆಯಲ್ಲಿ ಕಾಡುಕೋಣ ರಸ್ತೆ ದಾಟುವಾಗ ಕಾರಿನವನಿಗೆ ಗಾಜಾದರೂ ಇದೆ, ನಿಮಗೆ ಹೆಲ್ಮೆಟ್ ಒಂದೇ.

ಗಾಳಿಯ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಕಡಲಂಚಿನಲ್ಲಿ ಏರಿಗಿಂತ ಅದೇ ಹೆಚ್ಚು ಕಾಡುತ್ತದೆ. ಬೇಸಗೆಯ ತಿಂಗಳುಗಳಲ್ಲಿ ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ತೆಳುವಾಗಿ ಗಾಳಿ. ಬಿಸಿಲೇರಿದಂತೆ ಅದು ತಿರುಗಿ ವಾಯವ್ಯದಿಂದ ಬೀಸತೊಡಗುತ್ತದೆ, ಮಧ್ಯಾಹ್ನದ ಮೇಲೆ ಜೋರು. ಆದ್ದರಿಂದ ಬೆಳಿಗ್ಗೆ ಉತ್ತರಕ್ಕೆ ತುಳಿದು, ಮಧ್ಯಾಹ್ನ ದಕ್ಷಿಣಕ್ಕೆ ಮರಳುವ ಹಾಗೆ ದಾರಿ ಹಾಕಿಕೊಂಡರೆ ಗಾಳಿ ಬೆನ್ನಿಗೆ ನಿಂತು ತಳ್ಳುತ್ತದೆ. ಇದನ್ನು ಉಲ್ಟಾ ಮಾಡಿದವರು ಸಪಾಟು ರಸ್ತೆಯಲ್ಲೂ ಘಟ್ಟ ಹತ್ತಿದಷ್ಟು ದಣಿದು ಮನೆಗೆ ಬರುತ್ತಾರೆ. ಉಪ್ಪಿನ ಗಾಳಿಗೆ ಚೈನು ಎರಡೇ ದಿನದಲ್ಲಿ ಕೆಂಪಾಗುತ್ತದೆ, ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಬಿಡಿ.

ಸರ್ಕಾರದಿಂದ ಏನು ಕೇಳಬೇಕು ಎಂಬ ವಿಷಯ. ಪ್ರತ್ಯೇಕ ಸೈಕಲ್ ಪಥಕ್ಕೆ ಮನವಿ ಕೊಡುವವರಿದ್ದಾರೆ, ಕೊಡಲಿ. ನನ್ನ ಬೇಡಿಕೆ ಸಣ್ಣದು. ಕಡಲಂಚಿನ ರಸ್ತೆಗಳನ್ನು ಪ್ರವಾಸೋದ್ಯಮದ ಹೆಸರಿನಲ್ಲಿ ಅಗಲ ಮಾಡಬೇಡಿ. ಅಗಲವಾದ ದಿನವೇ ಅಲ್ಲಿಗೆ ಟೂರಿಸ್ಟ್ ಬಸ್ಸು ಬರುತ್ತದೆ, ಬಲೆ ಹೊಲಿಯುವವರು ಎದ್ದು ಹೋಗಬೇಕಾಗುತ್ತದೆ. ತಾರಿಯ ದಕ್ಕೆಗಳಿಗೆ ಜಾರದ ಮೆಟ್ಟಿಲು, ವೇಳೆಯ ಫಲಕ ಹಾಕಿ. ಇವೆರಡಕ್ಕಿಂತ ಮುಖ್ಯವಾದದ್ದು ಹೆದ್ದಾರಿ ಸೇತುವೆ. ಒಳದಾರಿಗಳಲ್ಲಿ ಎಷ್ಟೇ ಜಾಣತನದಿಂದ ಸಾಗಿದರೂ ದೊಡ್ಡ ಅಳಿವೆಗಳನ್ನು ದಾಟುವಾಗ ನಾವು ಹೆದ್ದಾರಿಗೆ ಹತ್ತಲೇಬೇಕು. ಹೊನ್ನಾವರದಲ್ಲಿ ಶರಾವತಿ, ಕಾರವಾರದಲ್ಲಿ ಕಾಳಿ. ಸರ್ವಿಸ್ ರಸ್ತೆ ಸೇತುವೆಯ ತಲೆಯಲ್ಲಿ ತಟಕ್ಕನೆ ನಿಲ್ಲುತ್ತದೆ. ಮುಂದೆ ಲಾರಿಗಳ ಜೊತೆಗೇ ಓಟ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ ಕುಸಿದು ಬಿತ್ತು. ಹೊಸದಾಗಿ ಕಟ್ಟುವಾಗಲಾದರೂ ಒಂದು ಬದಿಯಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ತಡೆಗೋಡೆಯ ಒಳಗೆ ಆರೇಳು ಅಡಿ ಜಾಗ ಬಿಟ್ಟರೆ ಅದು ಐವತ್ತು ಕಿಲೋಮೀಟರ್ ಸೈಕಲ್ ಪಥಕ್ಕೆ ಸಮ. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಅದು ನಮಗಿಂತ ಹೆಚ್ಚು ಬೇಕು.

ಇನ್ನು ಪ್ರಶ್ನೆಗಳು.

ಯುವತಿಯೊಬ್ಬರು ಕೇಳಿದರು: "ಈ ದಾರಿಗಳಲ್ಲಿ ನಾನು ಒಬ್ಬಳೇ ಹೋಗಬಹುದೇ ಸರ್?" ಕಡಲಂಚಿನ ದಾರಿಗಳಲ್ಲಿ ಉದ್ದಕ್ಕೂ ಮನೆ, ಅಂಗಡಿ, ಬೆಳಿಗ್ಗೆಯೇ ಎದ್ದು ಕೆಲಸಕ್ಕೆ ತೊಡಗಿದ ಹೆಂಗಸರು. ಅಲ್ಲಿ ಒಬ್ಬರೇ ಹೋಗುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಘಟ್ಟದ ದಾರಿಗೆ ನಾನೂ ಒಬ್ಬನೇ ಹೋಗುವುದಿಲ್ಲ. ಕೋಗಾರದಂಥ ಕಡೆ ಬಿದ್ದು ಕೈ ಮುರಿದುಕೊಂಡರೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಇಬ್ಬರಾದರೂ ಇರಿ, ಇಂಥ ಹೊತ್ತಿಗೆ ಇಂಥ ಊರು ಮುಟ್ಟುತ್ತೇವೆ ಎಂದು ಮನೆಯಲ್ಲಿ ಹೇಳಿಟ್ಟು ಹೊರಡಿ.

"ಎಷ್ಟು ದುಡ್ಡಿನ ಸೈಕಲ್ ಬೇಕು?" ಇದು ಪ್ರತಿ ಸಭೆಯಲ್ಲೂ ಬರುತ್ತದೆ. ಕಡಲಂಚಿಗೆ ಮನೆಯಲ್ಲಿರುವ ಯಾವ ಸೈಕಲ್ಲಾದರೂ ಸಾಕು, ಗೇರ್ ಇಲ್ಲದಿದ್ದರೂ ನಡೆಯುತ್ತದೆ. ಘಟ್ಟಕ್ಕೆ ಹಗುರ ಗೇರ್ ಬೇಕು, ಹಿಂದಿನ ದೊಡ್ಡ ಹಲ್ಲುಚಕ್ರ 32 ಅಥವಾ 34 ಹಲ್ಲಿನದಿರಲಿ. ಟೈರು 28 ಮಿ.ಮೀ.ಗಿಂತ ತೆಳುವಾದದ್ದು ಬೇಡ. ಒಳದಾರಿಗಳಲ್ಲಿ ಡಾಂಬರಿನ ಅಂಚಿಗೆ ಚಿರೆಕಲ್ಲಿನ ಜಲ್ಲಿ ಎದ್ದಿರುತ್ತದೆ. ಪಂಕ್ಚರ್ ಅಂಗಡಿಯವರಿಗೆ ತೆಳು ಟ್ಯೂಬಿನ ಉದ್ದ ವಾಲ್ವಿಗೆ ಗಾಳಿ ಹಾಕಲು ಬರುವುದಿಲ್ಲ, ಕೈಪಂಪು ನಿಮ್ಮದೇ ಇರಲಿ.

ಹಿರಿಯರೊಬ್ಬರು ಎದ್ದು ನಿಂತು, "ನೀವು ಹೇಳಿದ ರಸ್ತೆಗಳಲ್ಲೆಲ್ಲ ನಾವು ಮೀನಿನ ಬುಟ್ಟಿ ಕಟ್ಟಿಕೊಂಡು ಸೈಕಲ್ ತುಳಿದವರು, ಇದರಲ್ಲಿ ಹೊಸತೇನು ಮಾರಾಯರೆ?" ಎಂದರು. ಹೊಸತೇನೂ ಇಲ್ಲ ರಾಯರೇ. ಆ ದಾರಿಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಭೆ ಮುಗಿದ ಮೇಲೆ ಅವರ ಜೊತೆ ಕೂತು ಮೂರು ಹೊಸ ಒಳದಾರಿಗಳನ್ನು ಬರೆದುಕೊಂಡೆ.

ಮಳೆಗಾಲದ ಬಗ್ಗೆ ಕೇಳಿದವರಿಗೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕಡಿದು ಮಾಡಿದ ರಸ್ತೆಯ ಬುಡದಲ್ಲಿ ಸೈಕಲ್ ಬೇಡವೇ ಬೇಡ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಲಾರಿ, ಮನೆ, ಚಹಾ ಅಂಗಡಿಯನ್ನು ಗಂಗಾವಳಿಗೆ ತಳ್ಳಿದ್ದು ನಿಮಗೆ ನೆನಪಿದೆ. ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಮಳೆ ನೋಡಬೇಕೆಂದರೆ ಬಸ್ಸಿನಲ್ಲಿ ಹೋಗಿ. ಅಕ್ಟೋಬರ್ ಕೊನೆಗೆ ಕಾಡು ಹಸಿರಾಗಿಯೇ ಇರುತ್ತದೆ, ರಕ್ತ ಹೀರುವ ಉಂಬಳ ಕಡಿಮೆಯಾಗಿರುತ್ತದೆ, ರಸ್ತೆ ಒಣಗಿರುತ್ತದೆ. ಅಲ್ಲಿಂದ ಫೆಬ್ರುವರಿಯವರೆಗೆ ಸವಾರಿಯ ಕಾಲ.

ಕೊನೆಯ ಪ್ರಶ್ನೆ ಬೆಂಗಳೂರಿನಿಂದ ಬಂದವರೊಬ್ಬರದು. ಸೈಕಲ್ ತರುವುದು ಹೇಗೆ? ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ರೈಲಿದೆ, ಪಂಚಗಂಗಾ ಎಕ್ಸ್‌ಪ್ರೆಸ್. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಲಗೇಜ್ ಬೋಗಿಯಲ್ಲಿ ಹಾಕಬಹುದು, ಆದರೆ ಸಣ್ಣ ನಿಲ್ದಾಣಗಳಲ್ಲಿ ಗಾಡಿ ಎರಡೇ ನಿಮಿಷ ನಿಲ್ಲುತ್ತದೆ. ಎಲ್ಲಿ ಇಳಿಸಿಕೊಡುತ್ತಾರೆ ಎಂದು ಮೊದಲೇ ವಿಚಾರಿಸಿ. ಚಕ್ರ ಬಿಚ್ಚಿ ಚೀಲದಲ್ಲಿ ಕಟ್ಟಿ ನಿಮ್ಮ ಜೊತೆಗೇ ತಂದರೆ ಈ ತಲೆನೋವಿಲ್ಲ. ಕುಮಟಾದಲ್ಲಿ ಇಳಿದು, ನಿಲ್ದಾಣದ ಹೊರಗೆ ಸೈಕಲ್ ಜೋಡಿಸಿಕೊಂಡು, ಪೇಟೆಯಲ್ಲಿ ಬನ್ಸ್ ತಿಂದು ಬಾಡದ ದಾರಿ ಹಿಡಿಯಿರಿ. ಗೋಕರ್ಣದಲ್ಲಿ ಉಳಿಯುವ ಯೋಚನೆ ಇಲ್ಲದಿದ್ದರೆ ತದಡಿಯಿಂದ ಮರಳುವ ಕೊನೆಯ ತಾರಿ ಎಷ್ಟು ಹೊತ್ತಿಗೆ ಎಂದು ದೋಣಿ ಇಳಿಯುವಾಗಲೇ ಕೇಳಿಕೊಂಡು ಬಿಡಿ.